ಲೆ ನ್ಯಾಂ ಸೋದರರ ರೈತಚಿತ್ರಗಳಲ್ಲಿ ದಾನಿ ಎಲ್ಲಿದ್ದಾನೆ?

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, 17ನೆಯ ಶತಮಾನದ ಫ್ರೆಂಚ್ ಚಿತ್ರಕಾರರಾದ ಲೆ ನ್ಯಾಂ ಸೋದರರ ರೈತಚಿತ್ರಗಳನ್ನು ಕುರಿತು ನೀವು ಮೂರು ವಿಷಯ ಕೇಳಿದ್ದೀರಿ. ಈ ಬಡವರು ಪೂಜೆಗೆ ಕುಳಿತವರಂತೆ ಅಷ್ಟು ಗಂಭೀರವಾಗಿ ಏಕೆ ಕುಳಿತಿದ್ದಾರೆ, ಅವರ ಮುಂದಿರುವ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಧಾರ್ಮಿಕ ಅರ್ಥವಿದೆಯೇ, ಇಂಥ ಚಿತ್ರಗಳನ್ನು ಹಣ ಕೊಟ್ಟು ಕೊಂಡವರು ಯಾರು ಎಂಬುವು ಆ ಮೂರು. ಚಿತ್ರಕಲೆಯ ಇತಿಹಾಸವನ್ನು ಪಾಠ ಹೇಳುವಾಗ ಈ ಪ್ರಶ್ನೆಗಳನ್ನು ನಾನೂ ಹಲವು ಸಲ ಎದುರಿಸಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಬಡವರಿಗೆ ನೆರವಾಗುವುದು ಪ್ಯಾರಿಸ್ಸಿನ ಭಕ್ತ ಶ್ರೀಮಂತರಲ್ಲಿ ದೊಡ್ಡ ಧಾರ್ಮಿಕ ಚಳವಳಿಯಾಗಿದ್ದ 1640ರ ದಶಕದಲ್ಲಿ ಈ ಚಿತ್ರಗಳು ಹುಟ್ಟಿದವು. ಆದರೂ ಇವುಗಳೊಳಗೆ ದಾನ ನಡೆಯುವ ದೃಶ್ಯವಿಲ್ಲ. ದಾನಿ ನಿಲ್ಲಬೇಕಾದ ಜಾಗವನ್ನು ಕಲಾವಿದರು ಚಿತ್ರದ ಹೊರಗೆ, ನೋಡುವವನಿಗೆ ಬಿಟ್ಟುಕೊಟ್ಟಿದ್ದಾರೆ. ಆ ಗಾಂಭೀರ್ಯದ ಮೂಲ ಇಲ್ಲಿದೆ ಎಂದು ನನಗೆ ತೋರುತ್ತದೆ.

ಆಂತ್ವಾನ್, ಲೂಯಿ ಮತ್ತು ಮಾತ್ಯೂ ಎಂಬ ಈ ಮೂವರು ಉತ್ತರ ಫ್ರಾನ್ಸಿನ ಲಾಂ ಎಂಬ ಊರಿನವರು. ತಂದೆ ಐಸಾಕ್ ಅಲ್ಲಿನ ಸರ್ಕಾರಿ ಉಪ್ಪಿನ ಉಗ್ರಾಣದ ಅಧಿಕಾರಿ. ಊರಿನ ಸಮೀಪದ ಬೂರ್ಗಿನ್ಯೋಂ ಎಂಬಲ್ಲಿ ಕುಟುಂಬಕ್ಕೆ ಜಮೀನೂ ದ್ರಾಕ್ಷಿ ತೋಟವೂ ಇದ್ದವು. ಆಂತ್ವಾನ್ 1629ರಲ್ಲಿ ಪ್ಯಾರಿಸ್ಸಿನ ಸ್ಯಾಂ-ಜೆರ್ಮ್ಯಾಂ ಬಡಾವಣೆಯಲ್ಲಿ ವೃತ್ತಿಪರ ಚಿತ್ರಕಾರನೆಂದು ಅಂಗೀಕೃತನಾದ ಮೇಲೆ ಮೂವರೂ ಒಂದೇ ಕಾರ್ಯಾಗಾರದಲ್ಲಿ ದುಡಿದರು. ಚರ್ಚುಗಳ ಬಲಿಪೀಠಕ್ಕೆ ಚಿತ್ರ, ನಗರಸಭೆಯ ಹಿರಿಯರ ಸಮೂಹಚಿತ್ರ, ಪುರಾಣದ ಪ್ರಸಂಗ, ಹೀಗೆ ಬಂದ ಕೆಲಸವನ್ನೆಲ್ಲ ಮಾಡಿಕೊಟ್ಟರು. ನಮಗೆ ಸಿಕ್ಕಿರುವ ಸಹಿಯುಳ್ಳ, ಇಸವಿಯುಳ್ಳ ಚಿತ್ರಗಳೆಲ್ಲ 1641ರಿಂದ 1647ರವರೆಗಿನ ಅಲ್ಪ ಅವಧಿಗೆ ಸೇರಿದವು, ಸಹಿಯಲ್ಲಿ ಇರುವುದು ಮನೆತನದ ಹೆಸರು ಮಾತ್ರ. ಯಾವುದು ಯಾರ ಕೈಕೆಲಸವೆಂದು ವಿದ್ವಾಂಸರು ನೂರು ವರ್ಷಕ್ಕೂ ಮೇಲಿನಿಂದ ವಾದಿಸುತ್ತಿದ್ದಾರೆ. ನಿಮ್ಮ ಪ್ರಶ್ನೆಗೆ ಆ ವಾದದಿಂದ ಹೆಚ್ಚಿನ ಉಪಯೋಗವಿಲ್ಲವಾದ್ದರಿಂದ ಅದನ್ನು ಬದಿಗಿಡುತ್ತೇನೆ. 1648ರಲ್ಲಿ ರಾಜಾಶ್ರಯದ ಕಲಾ ಅಕಾಡೆಮಿ ಸ್ಥಾಪನೆಯಾದಾಗ ಮೂವರೂ ಅದರ ಮೊದಲ ಸದಸ್ಯರಲ್ಲಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಲೂಯಿ ಮತ್ತು ಆಂತ್ವಾನ್ ಒಂದೆರಡು ದಿನಗಳ ಅಂತರದಲ್ಲಿ ತೀರಿಕೊಂಡರು. ಮಾತ್ಯೂ 1677ರವರೆಗೆ ಬದುಕಿದ.

ಈಗ 1642ರ ‘ರೈತರ ಊಟ’ ಎಂಬ ಚಿತ್ರವನ್ನು ನೋಡೋಣ. ತಗ್ಗಾದ ಮೇಜಿಗೆ ಬಿಳಿ ಬಟ್ಟೆ ಹಾಸಿದೆ. ಅದರ ಸುತ್ತ ಮೂವರು ಗಂಡಸರು ಕುಳಿತಿದ್ದಾರೆ. ಹಿಂದೆ ಒಬ್ಬ ಹೆಂಗಸು ಮತ್ತು ಮಕ್ಕಳು, ಒಬ್ಬ ಹುಡುಗನ ಕೈಯಲ್ಲಿ ಪಿಟೀಲು. ಮೇಜಿನ ಮೇಲೆ ಇರುವುದು ಬಹಳ ಸ್ವಲ್ಪ: ರೊಟ್ಟಿ, ಚಾಕು, ದ್ರಾಕ್ಷಾರಸ. ನಡುವೆ ಕುಳಿತವನ ಉಡುಪು ಅಚ್ಚುಕಟ್ಟಾಗಿದೆ, ಅವನೇ ಮನೆಯ ಯಜಮಾನನಂತೆ ಕಾಣುತ್ತಾನೆ. ಪಕ್ಕದಲ್ಲಿ ಕುಳಿತವನೊಬ್ಬನ ಬಟ್ಟೆ ಹರಿದಿದೆ, ಕಾಲಿಗೆ ಏನೂ ಇಲ್ಲ. ಹಿಂಭಾಗದಲ್ಲಿ ಪರದೆ ಇಳಿಬಿಟ್ಟ ಮಂಚವಿದೆ. ಯಾರೂ ನಗುವುದಿಲ್ಲ, ಯಾರೂ ಇನ್ನೊಬ್ಬರೊಡನೆ ಮಾತನಾಡುತ್ತಿಲ್ಲ. ಊಟವೆಂಬ ಹೆಸರಿದ್ದರೂ ಹಸಿದವನು ತಟ್ಟೆಗೆ ಬಾಗುವ ಭಂಗಿ ಎಲ್ಲಿಯೂ ಕಾಣದು.

ಆ ಕಾಲದ ನೋಡುಗನಿಗೆ ಇದು ಎಷ್ಟು ವಿಚಿತ್ರವಾಗಿ ಕಂಡಿರಬೇಕೆಂದು ತಿಳಿಯಲು ಅವನಿಗೆ ಪರಿಚಿತವಾಗಿದ್ದ ರೈತಚಿತ್ರಗಳು ಯಾವುವೆಂದು ನೆನೆಯಬೇಕು. ಫ್ಲಾಂಡರ್ಸಿನ ಆಡ್ರಿಯಾನ್ ಬ್ರೌವರ್ 1638ರಲ್ಲಿ ಸಾಯುವ ಮೊದಲು ಹೆಂಡದಂಗಡಿಯ ಜಗಳ, ಜೂಜು, ಹಲ್ಲು ಕೀಳುವಾಗಿನ ಮುಖದ ಸೊಟ್ಟು ಇವನ್ನೆಲ್ಲ ಪುಟ್ಟ ಹಲಗೆಗಳ ಮೇಲೆ ಅದ್ಭುತವಾಗಿ ಬರೆದಿದ್ದ. ದಾವಿದ್ ಟೆನಿಯರ್ಸ್ ಅದನ್ನೇ ಸ್ವಲ್ಪ ಸೌಮ್ಯವಾಗಿ ಮುಂದುವರಿಸಿದ. ಲೊರೇನಿನ ಜಾಕ್ ಕಾಲೊ 1622ರ ಸುಮಾರಿಗೆ ಮಾಡಿದ ಭಿಕ್ಷುಕರ ಮುದ್ರಣಚಿತ್ರಗಳು ಮನೆಮನೆಗೆ ಹರಡಿದ್ದವು. ಇವೆಲ್ಲ ಕೈಯಲ್ಲಿ ಹಿಡಿದು ನೋಡುವ ಅಳತೆಯವು, ಮತ್ತು ಹಲವು ವೇಳೆ ಪಟ್ಟಣಿಗನಿಗೆ ಹಳ್ಳಿಗನ ಮೇಲೆ ನಗುವ ಅವಕಾಶ ಮಾಡಿಕೊಡುತ್ತಿದ್ದವು. ಲೆ ನ್ಯಾಂ ಸೋದರರು ಅದೇ ವಸ್ತುವನ್ನು ಎತ್ತಿಕೊಂಡು, ‘ಒಳಮನೆಯಲ್ಲಿ ರೈತ ಕುಟುಂಬ’ ಎಂಬ ಚಿತ್ರದಲ್ಲಿ ಸುಮಾರು 113 ಸೆಂಟಿಮೀಟರ್ ಎತ್ತರ, 159 ಸೆಂಟಿಮೀಟರ್ ಅಗಲದ ಕ್ಯಾನ್ವಾಸಿಗೆ ಏರಿಸಿದರು. ಆ ಅಳತೆ ಸಾಮಾನ್ಯವಾಗಿ ಬೈಬಲ್ಲಿನ ಪ್ರಸಂಗಗಳಿಗೆ, ಪ್ರಾಚೀನ ವೀರರಿಗೆ ಮೀಸಲಾದದ್ದು. ಗಾಂಭೀರ್ಯದ ಅರ್ಧ ಪಾಲು ಈ ಅಳತೆಯ ಆಯ್ಕೆಯಲ್ಲೇ ಇದೆ.

ಇವರು ನಿಜವಾಗಿ ಬಡವರೇ ಎಂಬ ಅನುಮಾನ ನಿಮಗೂ ಬಂದಿರಬಹುದು. ಪರದೆಯ ಮಂಚ, ಕಾಲುಳ್ಳ ತೆಳುವಾದ ಗಾಜಿನ ಬಟ್ಟಲು, ಬಿಳಿಯ ಮೇಜುಬಟ್ಟೆ ಇವು ಕೂಲಿಯ ಗುಡಿಸಲಿನಲ್ಲಿ ಸಿಗುವ ವಸ್ತುಗಳಲ್ಲ. ಅಂದಿನ ಫ್ರೆಂಚ್ ಹಳ್ಳಿಯಲ್ಲಿ ಸ್ವಂತ ನೇಗಿಲು ಮತ್ತು ಕುದುರೆಗಳುಳ್ಳ ರೈತನಿಗೂ ದಿನಗೂಲಿಯವನಿಗೂ ನಡುವೆ ದೊಡ್ಡ ಕಂದರವಿತ್ತು, ಮತ್ತು ‘ರೈತರ ಊಟ’ದಲ್ಲಿ ಇಬ್ಬರೂ ಒಂದೇ ಮೇಜಿಗೆ ಕುಳಿತಿರುವಂತೆ ಕಾಣುತ್ತದೆ. ಪಟ್ಟಣದ ಮಧ್ಯಮವರ್ಗ ಹಳ್ಳಿಯ ಭೂಮಿಯನ್ನು ಕೊಂಡು ಗೇಣಿಗೆ ಕೊಡುತ್ತಿದ್ದ ಕಾಲವದು. ಈ ಚಿತ್ರಗಳು ಅಂಥ ಹೊಸ ಭೂಮಾಲೀಕರ ಕಣ್ಣಿನಿಂದ ಕಂಡ, ನಂಬಿಕಸ್ಥ ಗೇಣಿದಾರರ ಚಿತ್ರಗಳೆಂದು ವಾದಿಸಿದವರಿದ್ದಾರೆ. ಕಲಾವಿದರ ತಂದೆಯೇ ಅಂಥ ಒಬ್ಬ ಭೂಮಾಲೀಕ ಎಂಬುದನ್ನು ನೆನೆದರೆ ಆ ವಾದವನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಆದರೆ ಅದೊಂದೇ ಸಾಕೆಂದು ನಾನು ಒಪ್ಪಲಾರೆ. ಗೇಣಿದಾರನ ನಿಷ್ಠೆಯನ್ನು ಹೊಗಳಬೇಕೆಂದಿದ್ದರೆ ಹೊಲ, ಬೆಳೆ, ದುಡಿಯುವ ಕೈ ಇವನ್ನು ತೋರಿಸಬೇಕಿತ್ತು. ಇಲ್ಲಿ ಕೆಲಸ ಎಲ್ಲಿಯೂ ಕಾಣುವುದಿಲ್ಲ, ಮತ್ತು ಆ ಬರಿಗಾಲಿನವನು ಮೇಜಿನ ಬಳಿ ಏಕಿದ್ದಾನೆ ಎಂಬುದಕ್ಕೆ ಗೇಣಿಯ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ.

ಆ ಉತ್ತರಕ್ಕೆ ಪ್ಯಾರಿಸ್ಸಿನ ಧಾರ್ಮಿಕ ಬದುಕಿನತ್ತ ತಿರುಗಬೇಕು. ಫ್ರಾನ್ಸ್ 1635ರಲ್ಲಿ ಸ್ಪೇನಿನ ವಿರುದ್ಧ ಯುದ್ಧ ಸಾರಿದ ಮೇಲೆ ರೈತರ ಮೇಲಿನ ತೆರಿಗೆ ತೀವ್ರವಾಗಿ ಏರಿತು. ಮರುವರ್ಷವೇ ಸ್ಪೇನಿನ ಪಡೆಗಳು ಪಿಕಾರ್ಡಿಯೊಳಗೆ ನುಗ್ಗಿ ಕಾರ್ಬಿ ಪಟ್ಟಣವನ್ನು ಹಿಡಿದವು. 1639ರಲ್ಲಿ ಉಪ್ಪಿನ ತೆರಿಗೆಯ ಸುದ್ದಿಗೆ ನಾರ್ಮಂಡಿಯ ಜನ ದಂಗೆಯೆದ್ದರು. ‘ಬರಿಗಾಲಿನವರು’ ಎಂಬುದೇ ಆ ದಂಗೆಗೆ ನಿಂತ ಹೆಸರು. ಉಪ್ಪಿನ ಉಗ್ರಾಣದ ಅಧಿಕಾರಿಯ ಮಕ್ಕಳು ಮೂರೇ ವರ್ಷಗಳ ಬಳಿಕ ಬರಿಗಾಲಿನವನನ್ನು ಬಿಳಿ ಬಟ್ಟೆಯ ಮೇಜಿಗೆ ಕೂರಿಸಿದರು ಎಂಬುದನ್ನು ಕಾಕತಾಳೀಯವೆಂದೇ ತೆಗೆದುಕೊಳ್ಳಿ. ನಾನಂತೂ ಆ ಪಾದಗಳನ್ನು ನೋಡುವಾಗ ಅದನ್ನು ಮರೆಯಲಾರೆ.

ಇದೇ ವರ್ಷಗಳಲ್ಲಿ ಕ್ಯಾಥೊಲಿಕ್ ಗುರು ವಿನ್ಸೆಂಟ್ ಡಿ ಪಾಲ್ ಅವರ ಸೇವಾಕಾರ್ಯ ಹರಡುತ್ತಿತ್ತು. ನಮ್ಮ ಮಂಗಳೂರು, ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿರುವ ಸಂತ ವಿನ್ಸೆಂಟ್ ಡಿ ಪಾಲ್ ಸಭೆ 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು ಈ ಸಂತನ ಹೆಸರಿನಲ್ಲಿಯೇ. ಅವರು 1617ರಲ್ಲಿ ಶಾತಿಯೋಂ ಎಂಬ ಊರಿನಲ್ಲಿ ಮಹಿಳೆಯರ ಮೊದಲ ದಯಾಸಂಘವನ್ನು ಕಟ್ಟಿದರು, 1633ರಲ್ಲಿ ಲೂಯಿಸ್ ಡಿ ಮಾರಿಯಾಕ್ ಅವರೊಡನೆ ಸೇವಾ ಸಹೋದರಿಯರ ಸಂಸ್ಥೆಯನ್ನು ಸ್ಥಾಪಿಸಿದರು, 1639ರಿಂದ ಯುದ್ಧಪೀಡಿತ ಲೊರೇನಿಗೆ ನೆರವು ಕಳುಹಿಸಿದರು. ನಮ್ಮ ವಿಷಯಕ್ಕೆ ಬಹಳ ಹತ್ತಿರವಾದದ್ದು ಶಾತಿಯೋಂ ಸಂಘದ ನಿಯಮಾವಳಿ. ರೋಗಿಯ ಮನೆಗೆ ಊಟ ಒಯ್ದ ಸದಸ್ಯೆ ಏನು ಮಾಡಬೇಕೆಂದು ಅದು ಹಂತಹಂತವಾಗಿ ವಿಧಿಸುತ್ತದೆ. ಹೋದೊಡನೆ ನಗುಮುಖದಿಂದ ನಮಸ್ಕರಿಸಬೇಕು, ಹಾಸಿಗೆಯ ಮೇಲೆ ಪುಟ್ಟ ಮೇಜನ್ನಿಟ್ಟು ಅದಕ್ಕೆ ಬಟ್ಟೆ ಹಾಸಬೇಕು, ಬಟ್ಟಲು, ಚಮಚ, ರೊಟ್ಟಿ ಇಡಬೇಕು, ರೋಗಿಯ ಕೈ ತೊಳೆಸಬೇಕು, ಊಟದ ಪ್ರಾರ್ಥನೆ ಹೇಳಬೇಕು. ಆ ಊಟದಲ್ಲಿ ದ್ರಾಕ್ಷಾರಸವೂ ಸೇರಿತ್ತು. ಬಡವನಿಗೆ ಅನ್ನ ಹಾಕುವುದು ಒಂದು, ಅವನಿಗೆ ಬಟ್ಟೆ ಹಾಸಿ ಬಡಿಸುವುದು ಇನ್ನೊಂದು. ಎರಡನೆಯದರಲ್ಲಿ ಅವನು ಅತಿಥಿಯಾಗುತ್ತಾನೆ. ಬಡವರು ನಮ್ಮ ಒಡೆಯರು ಎಂದು ವಿನ್ಸೆಂಟ್ ಮತ್ತೆ ಮತ್ತೆ ಹೇಳುತ್ತಿದ್ದುದು ಇದೇ ಅರ್ಥದಲ್ಲಿ. ಲೆ ನ್ಯಾಂ ಚಿತ್ರಗಳಲ್ಲಿ ಆ ಬಿಳಿ ಬಟ್ಟೆ ಕಂಡಾಗಲೆಲ್ಲ ನನಗೆ ಈ ನಿಯಮ ನೆನಪಾಗುತ್ತದೆ. ಕಲಾವಿದರು ಅದನ್ನು ಓದಿ ಚಿತ್ರ ಬರೆದರೆಂದು ನಾನು ಹೇಳುತ್ತಿಲ್ಲ. ಎರಡರ ಹಿಂದೆಯೂ ಒಂದೇ ಮನೋಭಾವವಿದೆ ಎನ್ನುತ್ತಿದ್ದೇನೆ.

ಸೋದರರು ವಾಸವಿದ್ದ ಬಡಾವಣೆ ಸ್ಯಾಂ-ಸುಲ್ಪೀಸ್ ಧರ್ಮಕೇಂದ್ರಕ್ಕೆ ಸೇರಿತ್ತು. ‘ರೈತರ ಊಟ’ದ ವರ್ಷವಾದ 1642ರಲ್ಲಿಯೇ ಜಾನ್-ಜಾಕ್ ಓಲಿಯೆ ಅಲ್ಲಿನ ಧರ್ಮಗುರುವಾಗಿ ಬಂದು ಬಡವರ ಸೇವೆಯನ್ನು ಕ್ರಮಬದ್ಧವಾಗಿ ಕಟ್ಟತೊಡಗಿದರು. ಇದರ ಜೊತೆಗೆ ವಾಂತಾದೂರಿನ ಡ್ಯೂಕ್ 1630ರಲ್ಲಿ ಆರಂಭಿಸಿದ, ಪರಮಪ್ರಸಾದದ (ಕ್ರಿಸ್ತನ ದೇಹ ಮತ್ತು ರಕ್ತವೆಂದು ಕ್ಯಾಥೊಲಿಕರು ಆರಾಧಿಸುವ ರೊಟ್ಟಿ, ದ್ರಾಕ್ಷಾರಸದ) ಹೆಸರಿನ ಗುಪ್ತ ಭಕ್ತಮಂಡಳಿಯೊಂದಿತ್ತು. ಕುಲೀನರು, ನ್ಯಾಯಾಧೀಶರು, ಗುರುಗಳು ಅದರ ಸದಸ್ಯರು. ಪರಮಪ್ರಸಾದದ ಆರಾಧನೆ ಮತ್ತು ಬಡವರ ಸೇವೆ ಎರಡೂ ಒಂದೇ ಭಕ್ತಿಯ ಎರಡು ಮುಖಗಳೆಂದು ಅವರು ನಂಬಿದ್ದರು. ಮಂಡಳಿಯ ಮುಖಂಡರಲ್ಲಿ ಒಬ್ಬನಾದ ಗಾಸ್ತೋಂ ಡಿ ರಾಂತಿ ಬಡವರನ್ನು ಮನೆಗೆ ಕರೆತಂದು ತನ್ನ ಮೇಜಿನಲ್ಲಿಯೇ ಕೂರಿಸಿ ಊಟ ಮಾಡಿಸುತ್ತಿದ್ದನೆಂದು ಅವನ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಈಗ ರೊಟ್ಟಿ ಮತ್ತು ದ್ರಾಕ್ಷಾರಸದ ಪ್ರಶ್ನೆಗೆ ಬರಬಹುದು. ಲಾಂ ಸುತ್ತಮುತ್ತ ಅಂದು ದ್ರಾಕ್ಷಿ ತೋಟಗಳಿದ್ದವು. ಅಲ್ಲಿ ದ್ರಾಕ್ಷಾರಸ ದೈನಂದಿನ ಪಾನೀಯ, ರೊಟ್ಟಿ ದೈನಂದಿನ ಆಹಾರ. ಇವು ಮೇಜಿನ ಮೇಲಿವೆ ಎಂಬುದರಿಂದಲೇ ಸಂಕೇತ ಸಿದ್ಧವಾಗುವುದಿಲ್ಲ. ಗಮನಿಸಬೇಕಾದದ್ದು ಮೇಜಿನಿಂದ ಬಿಟ್ಟುಹೋದದ್ದು: ಗಂಜಿ, ತರಕಾರಿ, ಹಂದಿಕೊಬ್ಬು, ಗಿಣ್ಣು ಇವನ್ನೆಲ್ಲ ಹಿಂದೆ ಸರಿಸಿ ಈ ಎರಡನ್ನೇ ಬೆಳಕಿಗೆ ತಂದಿದ್ದಾರೆ. ‘ಒಳಮನೆಯಲ್ಲಿ ರೈತ ಕುಟುಂಬ’ದಲ್ಲಿ ನಡುವಿನ ಗಂಡಸು ದುಂಡು ರೊಟ್ಟಿಯನ್ನು ಎದೆಗಾನಿಸಿ ಚಾಕು ಹಿಡಿದಿದ್ದಾನೆ, ವೃದ್ಧೆಯ ಕೈಯಲ್ಲಿ ದ್ರಾಕ್ಷಾರಸದ ಬಟ್ಟಲಿದೆ, ಯಾರೂ ತಿನ್ನುತ್ತಿಲ್ಲ, ಕುಡಿಯುತ್ತಿಲ್ಲ. ಸತ್ತು ಮತ್ತೆ ಎದ್ದುಬಂದ ಕ್ರಿಸ್ತನನ್ನು ಎಮ್ಮಾಹು ಎಂಬ ಊರಿನಲ್ಲಿ ಶಿಷ್ಯರು ಗುರುತಿಸಿದ್ದು ಅವನು ರೊಟ್ಟಿ ಮುರಿದಾಗ ಎಂಬ ಕಥೆಯನ್ನು ಪ್ಯಾರಿಸ್ಸಿನ ಕ್ಯಾಥೊಲಿಕ್ ನೋಡುಗನಿಗೆ ಯಾರೂ ನೆನಪಿಸಬೇಕಿರಲಿಲ್ಲ. ಇನ್ನೊಂದು ಸುಳಿವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿರುವ, ಇದೇ ಕಾರ್ಯಾಗಾರದ ‘ಕುರಿಗಾಹಿಗಳ ಆರಾಧನೆ’ಯಲ್ಲಿ ಶಿಶು ಕ್ರಿಸ್ತನ ಮುಂದೆ ಮಂಡಿಯೂರಿದವರು ಈ ರೈತರ ನೆಂಟರಂತೆಯೇ ಇದ್ದಾರೆ: ಅದೇ ಬಗೆಯ ಮುಖ, ಅದೇ ಒರಟು ಬಟ್ಟೆ, ಅದೇ ಮೌನ. ಹೀಗಾಗಿ ಸಂಕೇತವೆಂದರೆ ಬಿಡಿಸಬೇಕಾದ ಒಗಟು ಎಂದು ತಿಳಿಯಬೇಡಿ. ಆ ಮೇಜು ಮೊದಲು ರೈತನ ಮೇಜು. ಚರ್ಚಿನಲ್ಲಿ ಪರಮಪ್ರಸಾದದ ಬಲಿಪೂಜೆಗೆ ಹೋಗಿಬಂದವನಿಗೆ ಅದು ಇನ್ನೊಂದು ಮೇಜನ್ನೂ, ಬಲಿಪೀಠವನ್ನೂ, ನೆನಪಿಗೆ ತರುತ್ತಿತ್ತು.

17ನೆಯ ಶತಮಾನದ ಬರೋಕ್ ಕಲೆಯ ಕಾಲದಲ್ಲಿ ದಾನವನ್ನು ನೇರವಾಗಿ ತೋರಿಸಿದ ಮಹಾಚಿತ್ರಗಳಿಗೆ ಕೊರತೆಯಿಲ್ಲ, ಮತ್ತು ಹೋಲಿಕೆಗೆ ಅವು ಬೇಕು. ನೇಪಲ್ಸಿನಲ್ಲಿ 1602ರಲ್ಲಿ ಯುವ ಕುಲೀನರು ಕಟ್ಟಿದ ಪಿಯೊ ಮೊಂತೆ ಡೆಲ್ಲಾ ಮಿಸೆರಿಕೊರ್ದಿಯಾ ಎಂಬ ದಯಾಸಂಸ್ಥೆಗಾಗಿ ಇಟಲಿಯ ಚಿತ್ರಕಾರ ಕರವಾಜ್ಜೊ 1607ರಲ್ಲಿ ಏಳು ಕರುಣಾಕಾರ್ಯಗಳನ್ನು ಒಂದೇ ಕತ್ತಲ ಬೀದಿಯಲ್ಲಿ ತುಂಬಿದ. ಹಸಿದವನಿಗೆ ಉಣಿಸುವುದು, ಬೆತ್ತಲೆಗೆ ಬಟ್ಟೆ, ಸತ್ತವನಿಗೆ ಮಣ್ಣು, ಎಲ್ಲವೂ ಅಲ್ಲಿ ನೂಕುನುಗ್ಗಲಿನಲ್ಲಿ ನಡೆಯುತ್ತವೆ. ಸ್ಪೇನಿನ ಸೆವಿಲ್ಲೆಯಲ್ಲಿ ಮಿಗೆಲ್ ಮಾನ್ಯಾರಾ ನಡೆಸುತ್ತಿದ್ದ ಕಾರಿದಾದ್ ಆಸ್ಪತ್ರೆಯ ಚರ್ಚಿಗೆ, ತಾನೂ ಆ ದಯಾಸಂಘದ ಸದಸ್ಯನಾಗಿದ್ದ ಚಿತ್ರಕಾರ ಮುರಿಲ್ಲೊ ಬರೆದುಕೊಟ್ಟ ಚಿತ್ರಗಳಲ್ಲಿ ಹಂಗೇರಿಯ ರಾಜಕುಮಾರಿ ಸಂತ ಎಲಿಜಬೆತ್ ತಲೆಹುಣ್ಣಿನ ಹುಡುಗನ ತಲೆಯನ್ನು ತೊಳೆಯುತ್ತಾಳೆ. ಆ ಹುಣ್ಣನ್ನು ಮುರಿಲ್ಲೊ ಮರೆಮಾಚಿಲ್ಲ. ಆದರೆ ನಮ್ಮ ಕಣ್ಣು ಹೋಗಿ ನಿಲ್ಲುವುದು ರಾಜಕುಮಾರಿಯ ಮುಖದಲ್ಲಿ. ರೋಗಿಯ ನೋವು ಅವಳ ಪುಣ್ಯವನ್ನು ಬೆಳಗುವ ದೀಪವಾಗುತ್ತದೆ. ಆ ಚಿತ್ರಗಳು ಸಂಸ್ಥೆಯ ಸದಸ್ಯರಿಗೆ ಅವರ ಕರ್ತವ್ಯವನ್ನು ಹೇಳಬೇಕಿತ್ತು, ಹೇಳಿದವು. ಲೆ ನ್ಯಾಂ ಚಿತ್ರಗಳಲ್ಲಿ ರಾಜಕುಮಾರಿಯಿಲ್ಲ, ಸಂತನಿಲ್ಲ, ಹಣದ ಚೀಲವಿಲ್ಲ, ಚಾಚಿದ ಕೈಯೂ ಇಲ್ಲ. ಬರಿಗಾಲಿನವನಿಗೆ ಊಟ ಹಾಕುತ್ತಿರುವವನು ಇನ್ನೊಬ್ಬ ರೈತನೇ ಆಗಿದ್ದರೆ, ಕೊಡುವವನಿಗೂ ಪಡೆಯುವವನಿಗೂ ಇರುವ ಅಂತರ ಒಂದು ಜೊತೆ ಪಾದರಕ್ಷೆಯಷ್ಟೇ.

ಅಲ್ಲದೆ, ಇವರಲ್ಲಿ ಕೆಲವರು ನಮ್ಮನ್ನು ನೋಡುತ್ತಾರೆ. ‘ಒಳಮನೆಯಲ್ಲಿ ರೈತ ಕುಟುಂಬ’ದ ವೃದ್ಧೆಯ ನೋಟದಲ್ಲಿ ಬೇಡಿಕೆಯೂ ಇಲ್ಲ, ಸ್ವಾಗತದ ನಗುವೂ ಇಲ್ಲ. ಬಾಗಿಲು ತೆರೆದು ಯಾರೋ ಒಳಗೆ ಬಂದಿದ್ದಾರೆ, ಮನೆಯವರು ತಲೆಯೆತ್ತಿದ್ದಾರೆ, ಪೀಪಿ ಊದುತ್ತಿರುವ ಹುಡುಗ ಮಾತ್ರ ಊದುತ್ತಲೇ ಇದ್ದಾನೆ ಎಂಬಂತಿದೆ ಆ ಸನ್ನಿವೇಶ. ಒಳಬಂದ ಆ ವ್ಯಕ್ತಿ ಚಿತ್ರದ ಮುಂದೆ ನಿಂತ ಪ್ಯಾರಿಸ್ಸಿನವನು. ಬಡವರ ಮನೆಗೇ ಹೋಗಿ ಭೇಟಿಯಾಗುವುದು ವಿನ್ಸೆಂಟ್ ಅವರ ಮಹಿಳಾ ಸಂಘಗಳ ಮುಖ್ಯ ಕೆಲಸವಾಗಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಈ ಚಿತ್ರ ಅಂಥ ಭೇಟಿಯ ಮೊದಲ ಕ್ಷಣದಂತೆ ಕಾಣುತ್ತದೆ. ಬೇರೆ ಅರ್ಥಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳತೆ, ನೋಟ, ಬಟ್ಟೆ, ಮೌನ ಇವು ನಾಲ್ಕನ್ನೂ ಒಟ್ಟಿಗೆ ವಿವರಿಸುವ ಓದು ನನಗೆ ಇದೊಂದೇ ಸಿಕ್ಕಿದೆ.

ಕೊಂಡವರು ಯಾರೆಂಬುದಕ್ಕೆ ಹೆಸರು ಹಿಡಿದು ಹೇಳುವ ಕರಾರುಪತ್ರಗಳು ಈ ರೈತಚಿತ್ರಗಳಿಗೆ ಉಳಿದುಬಂದಿಲ್ಲ. ಹಳ್ಳಿಯವರಂತೂ ಕೊಳ್ಳಲಿಲ್ಲ. ಭೂಮಿ ಕೊಂಡಿದ್ದ ನಗರದ ಅಧಿಕಾರಿವರ್ಗ ಮತ್ತು ದಯಾಸಂಘಗಳಿಗೆ ಹಣ ಕೊಡುತ್ತಿದ್ದ ಭಕ್ತವರ್ಗ ಬಹುಮಟ್ಟಿಗೆ ಒಂದೇ ಆಗಿದ್ದವು ಎಂಬುದನ್ನು ಗಮನಿಸಿದರೆ, ಗೇಣಿಯ ವಾದಕ್ಕೂ ದಾನದ ವಾದಕ್ಕೂ ಅಷ್ಟೊಂದು ವಿರೋಧ ಉಳಿಯುವುದಿಲ್ಲ.

ಇವನ್ನು ಬಡತನದ ದಾಖಲೆಯೆಂದು ಕರೆಯಲು ನಾನು ಹಿಂಜರಿಯುವುದು ಇದೇ ಕಾರಣಕ್ಕೆ. ಈ ಮನೆಗಳಿಗೆ ಸೈನಿಕ ಬರುವುದಿಲ್ಲ, ತೆರಿಗೆಯವನು ಬರುವುದಿಲ್ಲ. ಕುಡಿದು ಬಿದ್ದವನಿಲ್ಲ, ಕೋಪಗೊಂಡವನಿಲ್ಲ. ಇವರು ದಾನಕ್ಕೆ ಯೋಗ್ಯರಾದ, ಶಿಸ್ತಿನ, ದೈವಭೀರು ಬಡವರು. ಅಂದಿನ ದಯಾಸಂಘಗಳೂ ಬಡವರನ್ನು ಹಾಗೆಯೇ ಬೇರ್ಪಡಿಸುತ್ತಿದ್ದವು. ಬಡವನಲ್ಲಿ ಕ್ರಿಸ್ತನನ್ನು ಕಂಡ ಅದೇ ಗುಪ್ತಮಂಡಳಿ, ಭಿಕ್ಷುಕರನ್ನು ಹಿಡಿದು ಕೂಡಿಹಾಕುವ ಸಾರ್ವತ್ರಿಕ ಆಸ್ಪತ್ರೆಗಾಗಿಯೂ ಒತ್ತಾಯಿಸಿತು, ಮತ್ತು 1656ರಲ್ಲಿ ರಾಜಾಜ್ಞೆಯಿಂದ ಅದು ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾಯಿತು. ಚಿತ್ರದ ಘನತೆ ನಿಜ. ಆ ಘನತೆಗೆ ಪ್ರವೇಶ ಪಡೆದವರು ಆಯ್ದವರು ಎಂಬುದೂ ನಿಜ.

ಉಳಿದ ಕಥೆಯನ್ನು ಬೇಗ ಮುಗಿಸುತ್ತೇನೆ. ಅಕಾಡೆಮಿಯ ಬರಹಗಾರ ಫೆಲಿಬಿಯಾನ್ ಚಿತ್ರಪ್ರಕಾರಗಳನ್ನು ಮೇಲುಕೀಳಿನ ಮೆಟ್ಟಿಲುಗಳಲ್ಲಿ ಜೋಡಿಸಿ, ಲೆ ನ್ಯಾಂ ಸೋದರರ ವಸ್ತುಗಳು ಕೀಳಾದವು, ಎಷ್ಟೋ ವೇಳೆ ಹಾಸ್ಯಾಸ್ಪದವಾದವು ಎಂದು ಬರೆದ. ಬದುಕುಳಿದ ಮಾತ್ಯೂ ತನ್ನ ಹೆಸರಿಗೆ ಜಮೀನಿನ ಹೆಸರು ಸೇರಿಸಿಕೊಂಡು ಕುಲೀನನಾಗಲು ಹೆಣಗಿದ. 1662ರಲ್ಲಿ ಕುಲೀನರಿಗೆ ಮೀಸಲಾದ ಸಂತ ಮೈಕೆಲ್ ಗೌರವ ಪದವಿಯನ್ನು ಪಡೆದು, ಕುಲೀನತೆಯ ಪುರಾವೆಯಿಲ್ಲದೆ ಅದನ್ನು ಕಳೆದುಕೊಂಡು, ಆಮೇಲೂ ಅದರ ಪದಕ ಧರಿಸಿದ್ದಕ್ಕೆ 1666ರಲ್ಲಿ ಸೆರೆಮನೆಯನ್ನೂ ಕಂಡ. 19ನೆಯ ಶತಮಾನದ ನಡುವೆ ಲಾಂ ಊರಿನವನೇ ಆದ, ವಾಸ್ತವವಾದಿ ಚಿತ್ರಕಾರ ಕೂರ್ಬೆಯ ಗೆಳೆಯನಾದ ಬರಹಗಾರ ಶಾಂಫ್ಲ್ಯೂರಿ ಈ ಸೋದರರನ್ನು ಮರವೆಯಿಂದ ಎತ್ತಿ, ತನ್ನ ಕಾಲದ ವಾಸ್ತವವಾದದ ಪೂರ್ವಜರನ್ನಾಗಿ ಮಾಡಿದ. ಇಂದಿಗೂ ನಾವು ಅವರನ್ನು ‘ವಾಸ್ತವದ ಚಿತ್ರಕಾರರು’ ಎನ್ನುವುದು ಆ ಓದಿನ ಫಲ. ಅದು ಅವರಿಗೆ ಬದುಕು ಕೊಟ್ಟಿತು, ಜೊತೆಗೆ ಅವರ ಧಾರ್ಮಿಕ ಹಿನ್ನೆಲೆಯನ್ನು ಬಹುಕಾಲ ಮುಚ್ಚಿಯೂ ಹಾಕಿತು.

ನೀವು ಮುಂದೆ ನೋಡಬೇಕೆಂದಿದ್ದರೆ, ಎರಡೂ ಸಂಗ್ರಹಾಲಯಗಳ ಜಾಲತಾಣಗಳಲ್ಲಿ ‘ರೈತರ ಊಟ’ವನ್ನೂ ಲಂಡನ್ನಿನ ‘ಕುರಿಗಾಹಿಗಳ ಆರಾಧನೆ’ಯನ್ನೂ ತೆರೆದು ಅಕ್ಕಪಕ್ಕದಲ್ಲಿಟ್ಟುಕೊಳ್ಳಿ. 1641ರ ‘ಗಾಡಿ’ ಎಂಬ ಚಿತ್ರವನ್ನು ಆಮೇಲೆ ನೋಡಿ. ಅಲ್ಲಿ ಗಾಡಿಯ ಮೇಲೆ ಮಕ್ಕಳಿದ್ದಾರೆ, ಅಂಗಳದಲ್ಲಿ ಹಂದಿಗಳಿವೆ, ಧಾರ್ಮಿಕ ಓದಿಗೆ ಹೆಚ್ಚಿನ ಆಸರೆ ಸಿಗುವುದಿಲ್ಲ. ನನ್ನ ವಾದವನ್ನು ಎಲ್ಲ ಚಿತ್ರಗಳಿಗೂ ಒಂದೇ ಸಮನೆ ಅನ್ವಯಿಸಬಾರದೆಂಬುದಕ್ಕೆ ಆ ಚಿತ್ರ ಒಳ್ಳೆಯ ಪರೀಕ್ಷೆ.